ಫಕೀರಪ್ಪನ ಕೊಂಕಣಿ

ತಡವಾಗಿ ಓಡಿಬರುವವರನ್ನು ಫಕೀರಪ್ಪ ಅವರವರ ತಾಯ್ನುಡಿಯಲ್ಲೇ ಬೈಯುತ್ತಿದ್ದ. ವೆರ್ಣಾದ ಕಾರ್ಖಾನೆಗೆ ನಮ್ಮನ್ನು ಒಯ್ಯುವ ಕಂಪನಿ ಬಸ್ಸಿನ ಡ್ರೈವರ್ ಅವನು. ಹಳೆಗೋವೆಯ ಹತ್ತಿರ ಕೊರ್ಲಿಮ್‌ನಿಂದ ಹೊರಟು, ಜುವಾರಿ ಸೇತುವೆ ದಾಟಿ, ಕೊರ್ತಾಲಿಮ್ ಹಾದು ವೆರ್ಣಾ ಮುಟ್ಟುವಷ್ಟರಲ್ಲಿ ಹನ್ನೊಂದು ಸ್ಟಾಪು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಬಾಚಣಿಗೆ ಹಿಡಿದು ಓಡಿಬರುವವರು ಪ್ರತಿ ಸ್ಟಾಪಿನಲ್ಲೂ ಒಬ್ಬರಾದರೂ ಇರುತ್ತಿದ್ದರು. ಫಕೀರಪ್ಪ ಕಿಟಕಿಯಿಂದ ತಲೆ ಹೊರಹಾಕಿ ಇಲ್ಲಿಯವರಿಗೆ ಕೊಂಕಣಿಯಲ್ಲಿ, ಕೊಲ್ಹಾಪುರದವರಿಗೆ ಮರಾಠಿಯಲ್ಲಿ, ಬಿಹಾರದ ಹುಡುಗರಿಗೆ ಹಿಂದಿಯಲ್ಲಿ ಶುರುಮಾಡುತ್ತಿದ್ದ. ಕೇರಳದ ಒಬ್ಬ ಸೂಪರ್‌ವೈಸರನಿಗಾಗಿ ಎರಡು ಮಲಯಾಳಿ ಬೈಗುಳವನ್ನೂ ಕಲಿತಿಟ್ಟುಕೊಂಡಿದ್ದ. ಬೈಸಿಕೊಂಡವರು ನಗುತ್ತ ಬಸ್ಸು ಹತ್ತುತ್ತಿದ್ದರು. ಊರು ಬಿಟ್ಟು ಬಂದವರಿಗೆ ಬೆಳಿಗ್ಗೆದ್ದು ಯಾರಾದರೂ ತಮ್ಮ ಭಾಷೆಯಲ್ಲಿ ಬೈದರೂ ಹಿತವೇ.

"ಭಾಷಾ ಕಲೀಬೇಕಂದ್ರ ಮೊದಲ ಬೈಗಳಾ ಕಲೀಬೇಕಲೇ ಗುರ್ಯಾ. ಉಳದಿದ್ದು ತಾನ ಹಿಂದ ಬರ್ತೈತಿ," ಎನ್ನುತ್ತಿದ್ದ ನನಗೆ.

ಇದೇ ಫಕೀರಪ್ಪ ಶಾಲೆಯಲ್ಲಿ ಹಿಂದಿಗೆ ಹನ್ನೊಂದು ಅಂಕ ತೆಗೆದವನು. ನವಲಗುಂದದ ಕಡೆಯ ಒಂದು ಹಳ್ಳಿ ನಮ್ಮದು. ಹಿಂದಿ ಕಲಿಸುತ್ತಿದ್ದವರು ನಮ್ಮಪ್ಪ. ಎಂಟನೆಯ ಇಯತ್ತೆಯಲ್ಲಿ 'ಗಾಯ್' ಎಂದು ಬೋರ್ಡಿನ ಮೇಲೆ ಬರೆದು, ಇದರ ಮೇಲೆ ಹತ್ತು ಸಾಲು ಬರೆಯಿರಿ ಎಂದರು. ಆಕಳಿಗೆ ನಾಲ್ಕು ಕಾಲು, ಎರಡು ಕೋಡು ಎಂದು ನಾವೆಲ್ಲ ಬರೆದೆವು. ಫಕೀರಪ್ಪ ತನಗೆ ತಿಳಿದ ಹಿಂದಿಯಲ್ಲಿ, ಗಾಯವಾದರೆ ಮೊದಲು ನೀರಿನಿಂದ ತೊಳೆಯಬೇಕು, ಆಮೇಲೆ ಅರಿಶಿನ ಹಚ್ಚಬೇಕು, ಮಣ್ಣು ಹಚ್ಚಬಾರದು ಎಂದು ಬರೆದಿದ್ದ. ಅಪ್ಪ ಅದನ್ನು ಗಟ್ಟಿಯಾಗಿ ಓದಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಫಕೀರಪ್ಪ ಎದ್ದು ನಿಂತು, "ಹಂಗ ಮಾಡಿದ್ರ ಮಾಯ್ತೈತ್ರಿ ಸರ, ಖರೇನ," ಎಂದ.

ನನಗಿಂತ ಎರಡು ವರ್ಷ ದೊಡ್ಡವನು, ನಪಾಸಾಗಿ ನನ್ನ ಇಯತ್ತೆಗೆ ಬಂದು ಕೂತವನು. ಎಸ್ಸೆಸ್ಸೆಲ್ಸಿ ಎರಡು ಸಲ ನಪಾಸಾದ ಮೇಲೆ ಗೋವೆಗೆ ಕಟ್ಟಡದ ಕೆಲಸಕ್ಕೆ ಹೋದ. ನಾನು ಡಿಪ್ಲೊಮಾ ಮುಗಿಸಿ, ಅಲ್ಲಿ ಇಲ್ಲಿ ದುಡಿದು, ವೆರ್ಣಾದ ಕಾರ್ಖಾನೆಯ ಸ್ಟೋರ್ಸ್ ವಿಭಾಗಕ್ಕೆ ಸೇರಿದ ಮೊದಲ ದಿನವೇ ಬಸ್ಸಿಗೆ ತಡವಾಗಿ ಹೋದೆ. ಡ್ರೈವರ್ ಹಿಂದಿಯಲ್ಲಿ ಶುರುಮಾಡಿದ. ಗಾಬರಿಯಲ್ಲಿ ನಾನು "ತಡೀರಿ, ತಡೀರಿ" ಎಂದು ಕೂಗಿದೆ. ಬಸ್ಸು ಗಕ್ಕನೆ ನಿಂತಿತು.

"ಯಾ ಊರ್ರೀ ನಿಮ್ದು?" ಎಂದು ಕೇಳಿದವನು ಮುಖ ನೋಡಿ, "ಏ, ಮಾಸ್ತರ ಮಗಾ ಗುರ್ಯಾ!" ಎಂದು ಸ್ಟೀರಿಂಗಿಗೆ ಹೊಡೆದ. "ಮನ್ಯಾಗ ಮಾಸ್ತರಿಗೆ ಹೇಳಪಾ, ಫಕೀರ್ಯಾ ಹಿಂದ್ಯಾಗ ಬೈತಾನು ಅಂತ."

ಅಪ್ಪ ಹೋಗಿ ಒಂದು ವರ್ಷವಾಗಿತ್ತು. ಹೇಳಿದೆ. ಅವನು ಗೇರ್ ಹಾಕಿ ಬಸ್ಸು ಹೊರಡಿಸಿದ. ಆ ದಿನ ವೆರ್ಣಾ ಮುಟ್ಟುವವರೆಗೆ ಯಾರನ್ನೂ ಬೈಯಲಿಲ್ಲ. ಹತ್ತಿದವರೆಲ್ಲ ಡ್ರೈವರನಿಗೆ ಮೈಗೆ ಹುಷಾರಿಲ್ಲವೇ ಎಂದು ನನ್ನನ್ನು ಕೇಳಿದರು.

ಅವನ ಹೆಸರು ಕೇಳಿ ಅರ್ಧ ಕಾರ್ಖಾನೆ ಅವನನ್ನು ಮುಸಲ್ಮಾನನೆಂದು ತಿಳಿದಿತ್ತು. ಈದಿನ ದಿನ ಕೈಕುಲುಕುತ್ತಿದ್ದರು, ಅವನು ಎದೆಗೆ ಕೈ ಇಟ್ಟು ಅವರಿಗೂ ಹಾರೈಸುತ್ತಿದ್ದ. ಚೌತಿಗೂ ಅಷ್ಟೇ, ಕ್ರಿಸ್ತರ ನಾತಾಳಿಗೂ ಅಷ್ಟೇ. "ಬಂದ ಶುಭಾಶಯಾ ಹೊಳ್ಳಿ ಕಳಸಬಾರದಲೇ," ಎನ್ನುತ್ತಿದ್ದ.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಶಾಲಿನಿ ಕೊರ್ತಾಲಿಮ್‌ನವಳು. ನಮ್ಮ ಮನೆಗಳಲ್ಲಿ ಮೀನಿನ ಹೆಸರು ಎತ್ತುವಂತಿರಲಿಲ್ಲ. ಫಕೀರಪ್ಪ ಒಂದು ಮಧ್ಯಾಹ್ನ ನನ್ನೆದುರೇ ಬಂಗಡೆ ಹುರಿದದ್ದನ್ನು ತಟ್ಟೆಗೆ ಹಾಕಿಸಿಕೊಂಡ. ನಾನು ಬಾಯಿ ತೆರೆದು ನೋಡುತ್ತಿದ್ದೆ. "ಏನ್ ನೋಡ್ತಿಯಲೇ? ಇದು ಸಮುದ್ರದಾಗಿನ ಬದನಿಕಾಯಿ," ಎಂದ. ಆ ವರ್ಷವೇ ಇಬ್ಬರ ಮದುವೆಯಾಯಿತು. ಗಂಡಿನ ಕಡೆಯಿಂದ ಹೋದವನು ನಾನೊಬ್ಬನೇ. ಶಾಲಿನಿ ನನ್ನನ್ನು 'ಭಾವ್' ಎಂದು ಕರೆದಳು. ಕೊಂಕಣಿಯಲ್ಲಿ ಅದು ಅಣ್ಣ. "ನಮ್ಮ ಕಡೆ ಈ ಭಾವಾ ಬ್ಯಾರೆ ಆಕ್ಕಾನು, ಹುಷಾರ್," ಎಂದು ಅವನು ನಕ್ಕಿದ್ದ.

ಮದುವೆಯಾದ ತಿಂಗಳಿಗೆ ಅವಳನ್ನು ಊರಿಗೆ ಕರೆದುಕೊಂಡು ಹೋದ. ಧೈರ್ಯಕ್ಕಿರಲಿ ಎಂದು ನನ್ನನ್ನೂ ಎಳೆದುಕೊಂಡು ಹೋಗಿದ್ದ. ಅವನ ತಾಯಿ ಹೊಸ್ತಿಲಲ್ಲಿ ಅಡ್ಡ ನಿಂತಳು.

"ಮೀನಾ ತಿನ್ನಾಕಿನ್ನ ಕರಕೊಂಡು ಬಂದೀಯೇನೋ ನನ್ನ ಮನಿಗೆ? ಅಕಿ ಈ ಹೊಸ್ತಲಾ ದಾಟಿದ್ರ ನಾ ಬಾವಿ ನೋಡ್ಕೋತೇನಿ!"

ಅಲ್ಲಿಂದ ಶುರುವಾದದ್ದು ಅರ್ಧ ತಾಸು ನಡೆಯಿತು. ಮಿಕ್ಕದ್ದನ್ನು ನಾನು ಬರೆಯಲಾರೆ. ಓಣಿಯ ಜನ ಸೇರಿದ್ದರು. ಶಾಲಿನಿ ಹೊಸ ಸೀರೆಯಲ್ಲಿ, ಕೈಯಲ್ಲಿ ಗೋಡಂಬಿಯ ಪೊಟ್ಟಣ ಹಿಡಿದು, ಅತ್ತೆಯ ಮುಖ ನೋಡುತ್ತ ನಿಂತಿದ್ದಳು. ಕೊನೆಗೆ ಗಂಡನ ಕಡೆ ತಿರುಗಿ, ಏನನ್ನುತ್ತಿದ್ದಾರೆ ಎಂದು ಕೇಳಿದಳು.

ಫಕೀರಪ್ಪನ ಹಣೆಯಿಂದ ಬೆವರು ಇಳಿಯುತ್ತಿತ್ತು. ಕೊಂಕಣಿಯಲ್ಲಿ ಹೇಳಿದ: "ದೂರದಿಂದ ಬಂದು ದಣಿದಿದ್ದೀರಿ, ಮೊದಲು ನೀರು ಕುಡಿಯಿರಿ ಅನ್ನುತ್ತಿದ್ದಾಳೆ."

ಪಕ್ಕದ ಮನೆಯವರು ಕರುಣೆಯಿಂದ ಒಂದು ತಂಬಿಗೆ ನೀರು ಕೊಟ್ಟರು. ಶಾಲಿನಿ ಕುಡಿದಳು. ಗೋಡಂಬಿಯನ್ನು ಕಟ್ಟೆಯ ಮೇಲೆ ಇಟ್ಟು, ಅತ್ತೆಗೆ ಕೈಮುಗಿದಳು. ನಾವು ಅದೇ ಬಸ್ಸಿಗೆ ತಿರುಗಿ ಬಂದೆವು.

ಆಮೇಲೆ ಅವನು ಮನೆಯೊಳಗೆ ಕನ್ನಡ ತರಲಿಲ್ಲ. ಮಗಳು ನೇಹಾ ಹುಟ್ಟಿದಳು, ಅವಳಿಗೂ ಕಲಿಸಲಿಲ್ಲ. ನಾನು ಹೋದಾಗ ಮಾತ್ರ ಇಬ್ಬರೂ ಅಂಗಳದಲ್ಲಿ ಕೂತು ಕನ್ನಡದಲ್ಲಿ ಮಾತಾಡುತ್ತಿದ್ದೆವು. ಮೂರು ವರ್ಷದ ನೇಹಾ ಒಮ್ಮೆ ಅಳುತ್ತ ಒಳಗೆ ಓಡಿ, ಪಪ್ಪಾ ಅಂಕಲ್ ಜೊತೆ ಜಗಳವಾಡುತ್ತಿದ್ದಾನೆ ಎಂದು ತಾಯಿಗೆ ಹೇಳಿದಳು. ನಾವು ಜೋಳದ ರೊಟ್ಟಿಯ ವಿಷಯ ಮಾತಾಡುತ್ತಿದ್ದೆವು.

ಮಗುವಿಗಾದರೂ ಯಾಕೆ ಕಲಿಸುವುದಿಲ್ಲ ಎಂದು ನಾನು ರೇಗಿದಾಗ ಅವನು ಧ್ವನಿ ತಗ್ಗಿಸಿದ. "ಮಗಳು ಕಲತ್ರ ಅಕಿ ತಾಯೀನೂ ಕಲೀತಾಳು. ಅವತ್ತ ಅವ್ವ ಅಂದ ಶಬ್ದಾ ಶಾಲಿನಿ ಕಿವ್ಯಾಗ ಇನ್ನೂ ಅದಾವೇನೋ, ಯಾರ್ ಕಂಡಾರು? ಕನ್ನಡಾ ಕಲತ ದಿನಾ ಅದಕ್ಕೆಲ್ಲಾ ಅರ್ಥ ಬರ್ತೈತಿ. ಬ್ಯಾಡೋ ಮಾರಾಯಾ."

ಮೂವತ್ತು ವರ್ಷ ಅವನು ಹಾಗೇ ಬಾಳಿದ. ಕೊಂಕಣಿಯಲ್ಲಿ ಸಂಸಾರ ಮಾಡಿದ, ಕೊಂಕಣಿಯಲ್ಲಿ ಮಗಳನ್ನು ಮುದ್ದಿಸಿದ. ಮೀನು ಮಾರುವವಳ ಜೊತೆ ಅವನು ಚೌಕಾಸಿ ಮಾಡುವಾಗ ಹುಟ್ಟಾ ಗೋವೆಯವರೂ ನಿಂತು ಕೇಳುತ್ತಿದ್ದರು. ನಿದ್ದೆಯಲ್ಲಿ ಬಡಬಡಿಸುವುದೂ ಕೊಂಕಣಿಯಲ್ಲೇ ಎಂದು ಶಾಲಿನಿ ಹೆಮ್ಮೆಯಿಂದ ಹೇಳುತ್ತಿದ್ದಳು.

ಅವನು ಬಸ್ಸು ಬಿಟ್ಟು ನಿವೃತ್ತನಾದ ವರ್ಷವೇ, ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದ. ಲಕ್ವ. ಬಲಗೈ, ಬಲಗಾಲು ಹೋಗಿತ್ತು. ಮಾತೂ ಹೋಗಿತ್ತು. ಆರನೆಯ ದಿನ ನೇಹಾ ನನಗೆ ಫೋನು ಮಾಡಿದಳು. "ಅಂಕಲ್, ಪಪ್ಪಾ ಮಾತಾಡುತ್ತಿದ್ದಾರೆ. ಆದರೆ ನಮಗೆ ಒಂದೂ ತಿಳಿಯುತ್ತಿಲ್ಲ. ಬರುತ್ತೀರಾ?"

ಆಸ್ಪತ್ರೆಗೆ ಹೋದೆ. ನನ್ನನ್ನು ಕಂಡದ್ದೇ ಅವನಿಗೆ ಸಿಟ್ಟು ಒತ್ತರಿಸಿ ಬಂತು. ಬಾಯಿ ಓರೆಯಾಗಿತ್ತು, ಮಾತು ತೊದಲುತ್ತಿತ್ತು, ಆದರೆ ಸ್ಪಷ್ಟವಾಗಿ ನಮ್ಮೂರ ಮಾತು.

"ಗುರ್ಯಾ, ಇವರಿಗೇನಾಗೇತೋ? ಮುಂಜಾನಿಂದ ನೀರ್ ಕೇಳಾಕತ್ತೇನಿ. ತಾಯೀ ಮಗಳೂ ಸುಮ್ನ ಮಾರಿ ನೋಡ್ತಾರು!"

"ಕೊಂಕಣ್ಯಾಗ ಕೇಳೋ," ಎಂದೆ.

"ಕೊಂಕಣಿನ ಮಾತಾಡಾಕತ್ತೇನಲ್ಲೋ ನಾ! ಇವರಿಗ್ಯಾಕ ತಿಳೀವಲ್ದು?"

ಕೆಲವರಿಗೆ ಮೊದಲು ಕಲಿತ ಭಾಷೆಯೊಂದೇ ಉಳಿಯುತ್ತದೆ ಎಂದು ಡಾಕ್ಟರು ಹೇಳಿದರು. ಉಳಿದ ಭಾಷೆಗಳು ತಿರುಗಿ ಬರಬಹುದು, ಬರದೆಯೂ ಇರಬಹುದು. ನಿಧಾನವಾಗಿ ಹೇಳಿದರೆ ಕೊಂಕಣಿ ಅವನಿಗೆ ಅರ್ಧಮರ್ಧ ತಿಳಿಯುತ್ತಿತ್ತು. ಆಡಲು ಹೋದರೆ ಕನ್ನಡವೇ ಬರುತ್ತಿತ್ತು. ಅದು ಕನ್ನಡವೆಂದು ಅವನಿಗೆ ಒಪ್ಪಿಸಲು ನನಗೆ ಎರಡು ವಾರ ಹಿಡಿಯಿತು. ಒಪ್ಪಿದ ದಿನ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಅಲ್ಲಿಂದ ಪ್ರತಿ ಭಾನುವಾರ ನಾನು ಸ್ಕೂಟರಿನಲ್ಲಿ ಸೇತುವೆ ದಾಟಿ ಕೊರ್ತಾಲಿಮ್‌ಗೆ ಹೋಗತೊಡಗಿದೆ. ವಾರವಿಡೀ ಕೂಡಿಟ್ಟ ಪ್ರಶ್ನೆಗಳನ್ನು ಶಾಲಿನಿ ಒಂದೊಂದಾಗಿ ಕೇಳುತ್ತಿದ್ದಳು. ಮೂವತ್ತು ವರ್ಷ ಜೊತೆಗಿದ್ದ ಗಂಡಹೆಂಡಿರ ನಡುವೆ ನಾನು ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಫಕೀರಪ್ಪನ ಬಾಯಿಯಂತೂ ಮೊದಲಿನ ಹಾಗೇ ಇತ್ತು. "ಇಕಿ ಹಚ್ಚೋ ಎಣ್ಣಿ ಸತ್ತ ಇಲಿ ಗತೆ ನಾರ್ತೈತಿ ಅಂತ ಹೇಳು." ನಾನು ಶಾಲಿನಿಗೆ, ಎಣ್ಣೆಯಿಂದ ನೋವು ಕಡಿಮೆಯಾಗಿದೆಯಂತೆ ಎನ್ನುತ್ತಿದ್ದೆ. "ಗಂಜಿಯೋ ಇದು, ಗ್ವಾಡಿಗೆ ಹಚ್ಚೋ ಸುಣ್ಣೋ?" ಗಂಜಿ ರುಚಿಯಾಗಿದೆಯಂತೆ.

ನಾಲ್ಕನೆಯ ಭಾನುವಾರ ಶಾಲಿನಿ ನಕ್ಕುಬಿಟ್ಟಳು. ಆ ಕಾಯಿಲೆಯ ಮನೆಯಲ್ಲಿ ನಾನು ಕೇಳಿದ ಮೊದಲ ನಗು.

"ಭಾವ್, ಅವರು ಅಷ್ಟುದ್ದ ಹೇಳಿದ್ದಕ್ಕೆಲ್ಲ 'ಚೆನ್ನಾಗಿದೆ' ಅಂತಲೇ ಅರ್ಥವೇ?" ಎಂದು ಕೊಂಕಣಿಯಲ್ಲಿ ಕೇಳಿದಳು. ನಾನು ತಲೆ ತಗ್ಗಿಸಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: "ನಿಮ್ಮೂರಲ್ಲಿ ಅವರೂ ಹೀಗೇ ಮಾಡಿದ್ದರು. ಅತ್ತೆ ಅರ್ಧ ತಾಸು ಕಿರುಚಿದರು, ಇವರು 'ನೀರು ಕುಡಿ ಅನ್ನುತ್ತಿದ್ದಾಳೆ' ಅಂದರು. ಅತ್ತೆಯ ಮುಖ ನನಗೆ ಕಾಣುತ್ತಿರಲಿಲ್ಲವೇ? ಆದರೆ ಇವರ ಮುಖವೂ ಕಂಡಿತು. ಅದಕ್ಕೇ ನೀರು ಕುಡಿದೆ."

ಗಂಜಿಯ ಬಟ್ಟಲನ್ನು ಬದಿಗೆ ಸರಿಸಿದಳು.

"ಇನ್ನು ಮೇಲೆ ಇದ್ದದ್ದನ್ನು ಇದ್ದ ಹಾಗೇ ಹೇಳಿ," ಎಂದಳು. ನಾನು ಒಪ್ಪಿದೆ.

ಫಕೀರಪ್ಪ ನಮ್ಮಿಬ್ಬರನ್ನೂ ನೋಡುತ್ತಿದ್ದ. "ಏನಂದ್ಲು?" ಎಂದು ಕೇಳಿದ. ಅವಳ ಮಾತನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ.  ಎಡಗೈಯಿಂದ ಅವಳ ಕೈ ಹುಡುಕಿ ಹಿಡಿದುಕೊಂಡ.

"ಹೇಳೋ ಇಕಿಗೆ. ಅಂಜಿ ನನ್ನ ಭಾಷಾ ಮುಚ್ಚಿಟ್ಟೆ. ಇಕಿಗೆ ಗೊತ್ತ ಇತ್ತಂತ. ಸುಳ್ಳ ಅಂಜಿದೆ. ಕಲಸಿದ್ದ್ರ ಇವತ್ತ ನಾ ಇಕಿ ಕೂಡ ಮಾತಾಡ್ತಿದ್ದೆ."

ನಾನು ಹೇಳಿದೆ. ಗಂಡ ಹೆಂಡತಿಗೆ ಆಡಬೇಕಾದ ಮಾತನ್ನು ಮೂರನೆಯವನ ಬಾಯಿಂದ ಆಡುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಶಾಲಿನಿ ಅವನ ಹಣೆ ಒರೆಸುತ್ತ, "ಈಗ ಕಲಿಯುತ್ತೇನೆ," ಎಂದಳು.

ಐವತ್ತೈದು ದಾಟಿದ ಹೆಂಗಸು. ಗಂಜಿ ಕಲಕುತ್ತ, ಬಟ್ಟೆ ಹಿಂಡುತ್ತ ಬಾಯಿಪಾಠ ಮಾಡುತ್ತಿದ್ದಳು. ನೀರು. ನೋವು. ಬಿಸಿ. ಊಟ. ಸಾಕು. ಪ್ರತಿ ಭಾನುವಾರ ನಾಲ್ಕು ಶಬ್ದ ಹೇಳಿಕೊಟ್ಟು ಬರುತ್ತಿದ್ದೆ. 'ಊಟ ಆಯಿತೇ' ಎನ್ನುವುದು ಅವಳ ಬಾಯಲ್ಲಿ ಹತ್ತು ಬಗೆಯಾಗಿ ಬರುತ್ತಿತ್ತು. ಒಂದು ಸಲ ಅವನಿಗೆ 'ನೀರು ಸಾಕಾ' ಎಂದು ಕೇಳಹೋಗಿ 'ನೀರು ಸಾಕು' ಎಂದು ಲೋಟ ಕಿತ್ತುಕೊಂಡಿದ್ದಳು. ನಾನು ತಿದ್ದಲು ಹೋದೆ.

"ತಿದ್ದಬ್ಯಾಡಲೇ," ಎಂದ ಫಕೀರಪ್ಪ. "ಭಾಳ ಕೆಟ್ಟ ಕನ್ನಡಾ ಐತಿ. ಚಲೋ ಕೇಳಸ್ತೈತಿ. ಇರ್ಲಿ ಬಿಡು."

ಅದು ಅವನು ನನಗೆ ಹೇಳಿದ ಕೊನೆಯ ಮಾತು. ಆ ವಾರ ಜ್ವರ ಬಂತು, ಕಫ ಕಟ್ಟಿತು. ಗುರುವಾರ ಮಧ್ಯಾಹ್ನ ತೀರಿಕೊಂಡ. ನೇಹಾ ಕೆಲಸಕ್ಕೆ ಹೋಗಿದ್ದಳು. ಮನೆಯಲ್ಲಿ ಶಾಲಿನಿ ಒಬ್ಬಳೇ ಇದ್ದಳು.

ಮುಂದಿನ ಭಾನುವಾರ ನಾನು ಎಂದಿನ ಹೊತ್ತಿಗೇ ಹೋದೆ. ಇನ್ನೇನು ಮಾಡಬೇಕೆಂದು ತಿಳಿಯಲಿಲ್ಲ. ಮಂಚ ತೆಗೆದಿದ್ದರು. ಶಾಲಿನಿ ಚಹಾ ಕೊಟ್ಟು, ನನ್ನೆದುರು ನೆಲದ ಮೇಲೆ ಕೂತಳು.

"ಭಾವ್, 'ಹೊತ್ತಾತು, ಉಣ್ಣು' ಅಂದರೇನು?"

ಮೂರು ದಿನದಿಂದ ಬಾಯಲ್ಲಿಟ್ಟು ಕಾದುಕೊಂಡಿದ್ದಳೆಂದು ಕಾಣುತ್ತದೆ, ಒಂದಕ್ಷರವೂ ತಪ್ಪಿರಲಿಲ್ಲ. ನಾನು ಅವಳಿಗೆ 'ಊಟ' ಕಲಿಸಿದ್ದೆ. ನಮ್ಮ ಮನೆಯಲ್ಲಿ ಊಟ ಮಾಡು ಎನ್ನುತ್ತೇವೆ. ಅವನ ಮನೆಯಲ್ಲಿ ಉಣ್ಣು ಎನ್ನುತ್ತಾರೆ. ಅದು ನನಗೆ ಹೊಳೆದೇ ಇರಲಿಲ್ಲ.

ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. "ಹೊತ್ತಾಯಿತು, ನೀನು ಊಟ ಮಾಡು ಅಂತ."

ಶಾಲಿನಿ ಅಡುಗೆಮನೆಯ ಕಡೆ ತಿರುಗಿ ನೋಡಿದಳು.

"ಗುರುವಾರ ಮಧ್ಯಾಹ್ನ ಅದನ್ನೇ ಅನ್ನುತ್ತ ಎಡಗೈಯನ್ನು ಅಡುಗೆಮನೆ ಕಡೆ ತೋರಿಸುತ್ತಿದ್ದರು. ಆ ಮಗ್ಗುಲಿಗೆ ತಿರುಗಿಸು ಅನ್ನುತ್ತಿದ್ದಾರೆ ಎಂದುಕೊಂಡೆ. ತಿರುಗಿಸಿದೆ. ಮತ್ತೆ ಅದನ್ನೇ ಅಂದರು. ಈ ಮಗ್ಗುಲಿಗೆ ತಿರುಗಿಸಿದೆ. ಮತ್ತೆ ಅದನ್ನೇ ಅಂದರು. ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ ಭಾವ್, ಕೈಯಲ್ಲಿ ಶಕ್ತಿ ಇರಲಿಲ್ಲ. ರೇಗಿಹೋಯಿತು. 'ಸಾಕು' ಅಂದೆ, ಕನ್ನಡದಲ್ಲೇ ಅಂದೆ. ಅವರಿಗೆ ತಿಳಿಯಿತು. ಸುಮ್ಮನಾದರು."