ರೂಮಿನಲ್ಲಿ ಒಬ್ಬರಿಗೆ ಅರವತ್ತು

ನನ್ನ ಷಡ್ಡಕ ದುಡ್ಡು ಖರ್ಚು ಮಾಡಿದಾಗ ನನಗೆ ಎಂದೂ ಹೊಟ್ಟೆ ಉರಿದಿಲ್ಲ. ಉರಿಯುವುದು ಅವನು ಕಡಿಮೆ ಖರ್ಚು ಮಾಡಿದಾಗ. ಅವನು ನನ್ನ ಹೆಂಡತಿಯ ಅಕ್ಕನ ಗಂಡ. ಬ್ಯಾಂಕಿನಲ್ಲಿದ್ದು ಹೋದ ವರ್ಷ ನಿವೃತ್ತನಾಗಿ ಬಸವೇಶ್ವರನಗರದ ಮನೆಯಲ್ಲಿ ಆರಾಮವಾಗಿ ಕೂತಿದ್ದಾನೆ. ಎದುರಿಗೆ ನಾನು ಅವನಿಗೆ ಬಹುವಚನ ಕೊಡುತ್ತೇನೆ, ಮನಸ್ಸಿನಲ್ಲಿ ಏಕವಚನ. ಇಬ್ಬರೂ ಒಂದೇ ಕಂಪನಿಯ ಫ್ರಿಜ್ಜು ಕೊಂಡರೂ ಅವನದು ನನ್ನದಕ್ಕಿಂತ ಅಗ್ಗಕ್ಕೆ ಬಂದಿರುತ್ತದೆ, ಜೊತೆಗೊಂದು ಮಿಕ್ಸಿ ಪುಕ್ಕಟೆ ಸಿಕ್ಕಿರುತ್ತದೆ. ನಾನು ಕೊಂಡ ಮರುವಾರವೇ ಅಂಗಡಿಯವರಿಗೆ ಆಫರ್ ಹಾಕುವ ಬುದ್ಧಿ ಬರುತ್ತದೆ. ವಯಸ್ಸಿನಲ್ಲಿ ಅವನು ನನಗಿಂತ ಒಂದು ವರ್ಷ ಚಿಕ್ಕವನು. ಆದರೂ ದೊಡ್ಡ ಮಗಳನ್ನು ಮದುವೆಯಾಗಿದ್ದರಿಂದ ಮಾವನ ಮನೆಯಲ್ಲಿ ಅವನೇ ದೊಡ್ಡ ಅಳಿಯ. ಹೋಳಿಗೆ ಮೊದಲು ಅವನ ಎಲೆಗೆ ಬೀಳುತ್ತಿತ್ತು, ತುಪ್ಪವೂ ಮೊದಲು ಅಲ್ಲಿಗೇ. ವರ್ಷಗಟ್ಟಲೆ ನಾನು ಆ ತುಪ್ಪದ ಮಿಳ್ಳೆಯನ್ನೇ ನೋಡುತ್ತಾ ಕೂತಿದ್ದೇನೆ.

ಈಚೆಗೆ ಒಂದು ಭಾನುವಾರ ಅವನ ಮನೆಗೆ ಊಟಕ್ಕೆ ಹೋಗಿದ್ದೆವು. ದಾವಣಗೆರೆ ಕಡೆಯ ಅಕ್ಕತಂಗಿಯರು ಸೇರಿದರೆಂದರೆ ಜೋಳದ ರೊಟ್ಟಿ, ಎಣ್ಣೆಗಾಯಿ ಇದ್ದೇ ಇರುತ್ತದೆ. ನಾವಿಬ್ಬರು ಗಂಡಸರು ಟೇಬಲ್ಲಿನ ಮುಂದೆ, ಅವರಿಬ್ಬರು ಒಲೆಯ ಮುಂದೆ. ನನಗೆ ಮೂರನೆಯ ರೊಟ್ಟಿ ಬಿದ್ದಾಗ ಷಡ್ಡಕ ಬಾಯಿ ಬಿಟ್ಟ.

"ಮುಂದಿನ ತಿಂಗಳು ನಾವು ಹಡಗಲ್ಲಿ ಹೋಗ್ತಾ ಇದೀವಿ. ಮುಂಬೈಯಿಂದ. ಮೂರು ರಾತ್ರಿ, ನಾಲ್ಕು ಹಗಲು, ಊಟ ತಿಂಡಿ ಎಲ್ಲಾ ಅದರಲ್ಲೇ. ಎಷ್ಟಾಗಿರಬೋದು ಹೇಳಿ ನೋಡೋಣ."

ಇದು ಅವನ ಮಾಮೂಲಿ ಪ್ರಶ್ನೆ. ಅವನಿಗೆ ಖುಷಿಯಾಗಬಾರದೆಂದು ನಾನು ಬೇಕೆಂದೇ ಕಡಿಮೆ ಹೇಳಿದೆ. ಅವನು ಕೊಟ್ಟಿದ್ದು ಅದರಲ್ಲೂ ಅರ್ಧ.

"ಹೇಗೆ ಅಂದ್ರೆ, ಸ್ಕೂಲ್ ನಡೆಯೋ ಟೈಮಲ್ಲಿ ಹೋಗ್ಬೇಕು. ಶುಕ್ರವಾರ ಅಲ್ಲ, ಸೋಮವಾರ ಹೊರಡೋ ಹಡಗು ಹಿಡೀಬೇಕು. ಕಿಟಕಿ ಇಲ್ಲದ ರೂಮ್ ತಗೋಬೇಕು. ಅದರ ಮೇಲೆ ಸೀನಿಯರ್ ಸಿಟಿಜನ್ ರೇಟು. ನೀವಿಬ್ಬರೂ ಬನ್ನಿ, ಪಕ್ಕದ ರೂಮ್ ಖಾಲಿ ಇದೆ. ಈ ಆಫರ್ ತಿಂಗಳ ಕೊನೆವರೆಗೂ ಇರುತ್ತೆ."

ನನ್ನ ಹೆಂಡತಿ ಕೈಯಲ್ಲಿ ರೊಟ್ಟಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿಯೂ ನೋಡದವನಂತೆ ಮಜ್ಜಿಗೆ ಕುಡಿದೆ. ವಿಜಯನಗರಕ್ಕೆ ವಾಪಸ್ಸು ಬರುವಾಗ ಆಟೋದಲ್ಲಿ ಅವಳೇ ಮಾತು ತೆಗೆದಳು.

"ಮದುವೆ ಆದ್ಮೇಲೆ ಅಕ್ಕನ ಜೊತೆ ನಾನು ಒಂದು ದಿನಾನೂ ನೆಟ್ಟಗೆ ಕೂತು ಮಾತಾಡಿಲ್ಲ ಕಣ್ರೀ. ಸೇರಿದಾಗೆಲ್ಲ ಅವಳು ರೊಟ್ಟಿ ಬಡೀತಿರ್ತಾಳೆ, ನಾನು ಬೇಯಿಸ್ತಿರ್ತೀನಿ. ಹಡಗಲ್ಲಿ ಬೇರೆ ಯಾರೋ ಮಾಡಿ ಹಾಕ್ತಾರಂತೆ. ನಾಲ್ಕು ದಿನ."

ಅವಳು ಬಾಯಿಬಿಟ್ಟು ಕೇಳುವವಳಲ್ಲ. ಇದೇ ಅವಳ ಕೇಳುವ ರೀತಿ, ಇದನ್ನೂ ಎರಡನೆಯ ಸಲ ಹೇಳುವುದಿಲ್ಲ. "ನೋಡೋಣ" ಎಂದೆ. ಸತ್ಯ ಹೇಳಬೇಕೆಂದರೆ ಆಗ ನನ್ನ ತಲೆಯಲ್ಲಿ ಅವಳ ನಾಲ್ಕು ದಿನ ಇರಲಿಲ್ಲ, ಅವನ ಅರ್ಧ ದರ ಇತ್ತು. ಹೋಗುವುದಾದರೆ ಅವನಿಗಿಂತ ಒಂದು ರೂಪಾಯಿಯಾದರೂ ಕಡಿಮೆಗೆ ಹೋಗಬೇಕು ಎಂದು ಆಟೋದಲ್ಲೇ ತೀರ್ಮಾನಿಸಿದ್ದೆ.

ಪೂರ್ತಿ ದರ ಕೊಡಲು ನನಗೆ ಶಕ್ತಿ ಇರಲಿಲ್ಲವೆಂದಲ್ಲ. ಇತ್ತು. ಆದರೆ ಒಂದೇ ಹಡಗಿನ ಪಕ್ಕಪಕ್ಕದ ರೂಮಿನಲ್ಲಿ ಅವನು ಅರ್ಧ ಕೊಟ್ಟು ಮಲಗಿರುವಾಗ ನಾನು ಪೂರ್ತಿ ಕೊಟ್ಟು ಮಲಗಿದರೆ ನನಗೆ ನಿದ್ದೆ ಹತ್ತುವುದಿಲ್ಲ.

ಎರಡು ವಾರ ನಾನು ಆಫೀಸಿನಲ್ಲಿ ಊಟದ ಹೊತ್ತಿಗೂ ಮೊಬೈಲು ಕೆಳಗಿಡಲಿಲ್ಲ. ಅದೇ ಹಡಗು, ಅದೇ ಸೋಮವಾರ, ನಾಲ್ಕು ವೆಬ್‌ಸೈಟಿನಲ್ಲಿ ನಾಲ್ಕು ದರ. ಬೆಳಿಗ್ಗೆ ಕಂಡದ್ದು ಸಂಜೆಗೆ ಇರುತ್ತಿರಲಿಲ್ಲ. ಕೂಪನ್ ಕೋಡು ಒತ್ತಿದರೆ ಅವಧಿ ಮುಗಿದಿದೆ ಎನ್ನುತ್ತಿತ್ತು. ಕಾರ್ಡಿನ ಆಫರ್ ನನ್ನ ಹತ್ತಿರ ಇದ್ದ ಕಾರ್ಡೊಂದನ್ನು ಬಿಟ್ಟು ಮಿಕ್ಕೆಲ್ಲ ಕಾರ್ಡಿಗೂ ಇತ್ತು. ಒಂದು ಮಧ್ಯಾಹ್ನ ಷಡ್ಡಕನ ದರಕ್ಕಿಂತ ಕಡಿಮೆಯದೊಂದು ಕಣ್ಣಿಗೆ ಬಿದ್ದೇ ಬಿಟ್ಟಿತು. ಸಂತೋಷ ತಡೆಯಲಾರದೆ ಪಕ್ಕದ ಸೀಟಿನವರಿಗೆ ಕಾಫಿ ಕೊಡಿಸಿದೆ. ಕಾಫಿ ಮುಗಿಯುವಷ್ಟರಲ್ಲಿ ಕೊನೆಯ ಪುಟ ತೆರೆದುಕೊಂಡಿತು. ಬಂದರಿನ ಶುಲ್ಕ, ತೆರಿಗೆ, ಹಡಗಿನ ಸಿಬ್ಬಂದಿಯ ಟಿಪ್ಸು ಎಲ್ಲ ಸೇರಿ ಅದು ಅವನ ದರವನ್ನು ದಾಟಿ ಮುಂದೆ ಹೋಗಿತ್ತು. ಮೊದಲ ಪುಟದಲ್ಲಿ ತೋರಿಸಿದ್ದು ಒಬ್ಬರ ದರ ಎಂದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಆ ಕಾಫಿಯ ದುಡ್ಡೂ ದಂಡವಾಯಿತು.

ಕಡೆಗೆ ಮಾಗಡಿ ರಸ್ತೆಯಲ್ಲಿ, ಕಾಮಾಕ್ಷಿಪಾಳ್ಯದ ಒಂದು ಟ್ರಾವೆಲ್ಸ್ ಆಫೀಸಿಗೆ ಹೋದೆ. ಕೆಳಗೆ ಗಾರ್ಮೆಂಟ್ಸ್, ಮೇಲೆ ಇವರ ಆಫೀಸು. ಹೊಲಿಗೆ ಮೆಷಿನ್ನುಗಳ ಸದ್ದಿಗೆ ಮೇಜಿನ ಮೇಲಿನ ಪೆನ್ನು ತಾನಾಗಿ ಸರಿಯುತ್ತಿತ್ತು. ಅಲ್ಲಿದ್ದ ಹೆಂಗಸು ಐವತ್ತರ ಆಸುಪಾಸಿನವರು, ತುಂಬ ಸಮಾಧಾನದವರು. ಹಡಗು, ದಿನ ಎಲ್ಲ ಕೇಳಿಕೊಂಡು ಜನ್ಮ ದಿನಾಂಕ ಕೇಳಿದರು. ಹೇಳಿದೆ.

"ಅಯ್ಯೋ, ಅರವತ್ತಕ್ಕೆ ಇನ್ನೂ ಹತ್ತು ತಿಂಗಳಿದ್ಯಲ್ಲ ಸಾರ್."

ನನಗೆ ಅರವತ್ತು ತುಂಬಿ ವರ್ಷದ ಮೇಲಾಯಿತು. ಆದರೆ ಅದು ನಮ್ಮಮ್ಮನಿಗೆ ಗೊತ್ತಿದ್ದ ಲೆಕ್ಕ, ಕಾಗದಕ್ಕೆ ಗೊತ್ತಿಲ್ಲ. ಇದೇ ಕಾಮಾಕ್ಷಿಪಾಳ್ಯದ ಶಾಲೆಗೆ ನನ್ನನ್ನು ಸೇರಿಸುವಾಗ ನಮ್ಮಪ್ಪ ಮೇಷ್ಟರ ಹತ್ತಿರ ಎರಡು ವರ್ಷ ಕಡಿಮೆ ಬರೆಸಿದ. ನಾಳೆ ಹುಡುಗನಿಗೆ ಸರ್ಕಾರಿ ಕೆಲಸ ಸಿಕ್ಕಿದರೆ ಎರಡು ವರ್ಷ ಜಾಸ್ತಿ ಸಂಬಳ ಎಂದು ಅವನ ದೂರದೃಷ್ಟಿ. ನಾನು ಕುಳ್ಳಗಿದ್ದೆ, ಮೇಷ್ಟರೂ ಒಪ್ಪಿದರು. ಅಪ್ಪನ ಮಾತಿನಂತೆ ಸರ್ಕಾರಿ ಕೆಲಸವೂ ಸಿಕ್ಕಿತು. ಷಡ್ಡಕ ನಿವೃತ್ತನಾದ ದಿನ ಹಾರ ಹಾಕುವಾಗ ನಾನಿನ್ನೂ ಸರ್ವೀಸಿನಲ್ಲಿದ್ದೇನೆ ಎಂದು ಎಷ್ಟು ಖುಷಿಪಟ್ಟಿದ್ದೆನೋ ನನಗೇ ಗೊತ್ತು. ಈಗ ಅದೇ ಎರಡು ವರ್ಷ ಈ ಮೇಜಿನ ಮೇಲೆ ನನಗೆ ಅಡ್ಡ ನಿಂತಿತ್ತು.

ಎದ್ದು ಹೊರಟಾಗ ಆಕೆ ಕೈಸನ್ನೆ ಮಾಡಿ ಕೂರಿಸಿದರು. "ಇರಿ ಸಾರ್, ರೂಮಲ್ಲಿ ಒಬ್ಬರಿಗೆ ಅರವತ್ತಾಗಿದ್ರೆ ಸಾಕು, ಇಬ್ಬರಿಗೂ ಅದೇ ರೇಟು. ಮೇಡಂಗೆ ಎಷ್ಟು ವಯಸ್ಸು?"

"ಅವಳು ನನಗಿಂತ ಮೂರು ವರ್ಷ ಚಿಕ್ಕವಳು."

ಅದು ಸುಳ್ಳಲ್ಲ. ಆದರೆ ಆಧಾರ್ ಕಾರ್ಡು ಬೇರೆ ಹೇಳುತ್ತದೆ. ನನ್ನ ಹೆಂಡತಿ ಚಿಕ್ಕವಳಿದ್ದಾಗ ಅಕ್ಕನ ಲಂಗ ಹಿಡಿದುಕೊಂಡು ಅವಳ ಹಿಂದೆಯೇ ಶಾಲೆಗೆ ಹೋಗುತ್ತಿದ್ದಳಂತೆ. ಮೇಷ್ಟರಿಗೆ ಹಾಜರಿ ಪುಸ್ತಕದಲ್ಲಿ ಮಕ್ಕಳ ಸಂಖ್ಯೆ ಸಾಲದೆ ಇದ್ದುದರಿಂದ ಇವಳನ್ನೂ ಒಂದನೆಯ ಕ್ಲಾಸಿಗೆ ಸೇರಿಸಿಕೊಂಡು, ಅಕ್ಕನ ಜನ್ಮ ದಿನಾಂಕವನ್ನೇ ತಂಗಿಗೂ ಬರೆದುಬಿಟ್ಟರು. ಹೀಗಾಗಿ ಕಾಗದದ ಮೇಲೆ ಅಕ್ಕತಂಗಿಯರು ಒಂದೇ ದಿನ ಹುಟ್ಟಿದವರು, ಇಬ್ಬರಿಗೂ ಅರವತ್ತಾಗಿದೆ. ಕಾಗದದ ಮೇಲೆ ನನ್ನ ಹೆಂಡತಿ ನನಗಿಂತ ದೊಡ್ಡವಳು.

ಇದು ನನಗೆ ತಿಳಿದದ್ದು ಮದುವೆಯಾದ ಹೊಸದರಲ್ಲಿ, ರೇಷನ್ ಕಾರ್ಡು ಮಾಡಿಸುವಾಗ. ಅಲ್ಲಿನ ಗುಮಾಸ್ತ ಎರಡೂ ದಿನಾಂಕ ನೋಡಿ, "ಏನ್ ಸಾರ್, ಮೇಡಂ ನಿಮಗಿಂತ ದೊಡ್ಡವರಾ?" ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ನಕ್ಕಿದ್ದ. ಅವತ್ತಿನಿಂದ ಮನೆಯ ಕಾಗದಪತ್ರವನ್ನೆಲ್ಲ ನಾನೇ ಓಡಾಡಿ ಮಾಡಿಸಿದ್ದೇನೆ, ಯಾರ ಕೈಗೂ ಕೊಟ್ಟಿಲ್ಲ. ಈಗ ಪಕ್ಕದ ರೂಮು ಬೇಕೆಂದರೆ ಆಧಾರ್ ಕಾರ್ಡುಗಳು ಷಡ್ಡಕನ ಬುಕಿಂಗಿನ ಜೊತೆ ಸೇರಬೇಕು, ಅವನು ನೋಡಬೇಕು. ತುಪ್ಪದಲ್ಲಿ ಅವನೇ ಮೊದಲು, ಫ್ರಿಜ್ಜಿನಲ್ಲಿ ಅವನೇ ಮೊದಲು. ಇಷ್ಟರ ಮೇಲೆ ಹೆಂಡತಿಯ ದಯೆಯಿಂದ ರಿಯಾಯಿತಿ ಪಡೆದ ಗಂಡ ಎಂದು ಅವನ ಬಾಯಿಗೆ ಬೀಳಲು ನಾನು ತಯಾರಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. "ನಮಗೆ ಆ ರೇಟ್ ಬರಲ್ವಂತೆ. ಗಂಡನಿಗೆ ಅರವತ್ತಾಗಿರಬೇಕಂತೆ" ಎಂದೆ.

"ಹೆಂಡತಿಗೆ ಆಗಿದ್ರೆ?"

"ಅದು ಲೆಕ್ಕಕ್ಕಿಲ್ವಂತೆ."

ಅವಳು "ಹೌದಾ" ಎಂದು ಇನ್ನೊಂದು ಕಟ್ಟು ಸೊಪ್ಪು ಬಿಚ್ಚಿದಳು. ಸಂಜೆ ಅಕ್ಕನಿಗೆ ಫೋನು ಮಾಡಿ, "ನಾವು ಬರಕ್ಕಾಗಲ್ಲ ಕಣೇ, ನೀವು ಹೋಗ್ಬನ್ನಿ" ಎಂದದ್ದು ಕೇಳಿಸಿತು. ಅಕ್ಕ ಬಹಳ ಹೊತ್ತು ಏನೋ ಹೇಳಿದಳು, ಇವಳು ಹೂಂಗುಟ್ಟಿದಳು. ನನಗೆ ಕೆಟ್ಟದೆನಿಸಿತು. ಷಡ್ಡಕನ ಯೋಜನೆ ಅರ್ಧ ಕೆಟ್ಟಿತಲ್ಲ ಎಂಬ ಸಮಾಧಾನವೂ ಆಯಿತು. ಎರಡೂ ಒಟ್ಟಿಗೇ ಆಯಿತು, ಮುಚ್ಚಿಟ್ಟು ಪ್ರಯೋಜನವಿಲ್ಲ.

ತಿಂಗಳ ಕೊನೆಗೆ ಇನ್ನೆರಡು ದಿನ ಇರುವಾಗ ಅವನೇ ನಮ್ಮ ಮನೆಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರು. ಹೆಂಡತಿ ಕಾಫಿ ತಂದು ಅಲ್ಲೇ ನಿಂತಳು.

"ನಿಮಗೆ ಯಾರೋ ತಪ್ಪು ಹೇಳಿದಾರೆ ಕಣ್ರೀ. ರೂಮಲ್ಲಿ ಒಬ್ಬರಿಗೆ ಅರವತ್ತಾಗಿದ್ರೆ ಸಾಕು. ಗಂಡ ಹೆಂಡತಿ ಅಂತ ಏನಿಲ್ಲ. ಇವಳಿಗೆ ಆಗಿದ್ಯಲ್ಲ, ಮೇಷ್ಟ್ರು ಅಕ್ಕಂದೇ ಡೇಟು ಬರೆದಿದಾರಲ್ಲ."

"ನಿಮಗೆ ಹೇಗೆ ಗೊತ್ತು?" ಎಂದೆ.

"ನಮ್ಮ ಮದುವೆಲೇ ಮಾವ ಹೇಳಿ ನಗಿಸಿದ್ರಲ್ಲ. ನಿಮ್ಮ ಸಂಬಂಧ ಬಂದಾಗ ನಿಮ್ಮ ಸರ್ಟಿಫಿಕೇಟೂ ನೋಡಿದ್ರು. ಕಾಗದದಲ್ಲಿ ನೀವು ನಿಮ್ಮ ಹೆಂಡತಿಗಿಂತ ಚಿಕ್ಕವರು ಅಂತ ಆ ಕಡೆ ನೆಂಟರಿಗೆಲ್ಲ ಗೊತ್ತು, ಅದರಲ್ಲೇನಿದೆ?"

ಇಷ್ಟು ವರ್ಷ ನಾನು ಬೀರುವಿನಲ್ಲಿ ಬೀಗ ಹಾಕಿಟ್ಟ ವಿಷಯ ದಾವಣಗೆರೆ ಜಿಲ್ಲೆಗೆಲ್ಲ ಗೊತ್ತಿತ್ತು. ಆ ಅವಮಾನಕ್ಕಿಂತ ಹೆಚ್ಚಾಗಿ ಹೆಂಡತಿಯ ಕಡೆ ನೋಡಲು ನನಗೆ ಹೆದರಿಕೆಯಾಯಿತು. ಅವಳು ಒಳಗೆ ಹೋಗಿ ಬೀರು ತೆಗೆದು, ತನ್ನ ಆಧಾರ್ ಕಾರ್ಡು ತಂದು ಅವನ ಕೈಗೆ ಕೊಟ್ಟಳು.

"ಭಾವ, ಅಕ್ಕಂಗೂ ನಂಗೂ ಒಂದು ರೂಮ್ ಮಾಡ್ಸಿ."

"ಇವರು?"

"ಇವರಿಗೆ ಅರವತ್ತಾಗಿಲ್ಲವಲ್ಲ. ನಿಮ್ಮ ರೂಮಿಗೆ ಹಾಕ್ಕೊಳ್ಳಿ, ನಿಮ್ಮ ಲೆಕ್ಕದಲ್ಲಿ ರೇಟು ಸಿಗುತ್ತೆ."

ಹಾಗೆ ನಾನು ಷಡ್ಡಕನ ವಯಸ್ಸಿನ ಮೇಲೆ ರಿಯಾಯಿತಿ ಪಡೆದು, ಅವನ ಹೆಸರಿನ ಕೆಳಗೆ ಎರಡನೆಯ ಪ್ರಯಾಣಿಕನಾಗಿ ಹಡಗು ಹತ್ತಿದೆ. ಕಿಟಕಿ ಇಲ್ಲದ ರೂಮು, ಎರಡು ಹಾಸಿಗೆ, ನಡುವೆ ಒಂದು ದೀಪ. ಎರಡನೆಯ ದಿನ ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುತ್ತಾ ಅವನು ತಾನಾಗಿ ಹೇಳಿದ: "ಸುಳ್ಳು ಹೇಳಲ್ಲ, ನೀವಿನ್ನೂ ಸರ್ವೀಸಲ್ಲಿದೀರಲ್ಲ, ದಿನಾ ಬೆಳಿಗ್ಗೆ ನಂಗೆ ಅದೇ ನೆನಪಾಗುತ್ತೆ. ನಮ್ಮಪ್ಪನೂ ಎರಡು ವರ್ಷ ಕಮ್ಮಿ ಬರೆಸಬಾರದಿತ್ತಾ ಅನ್ಸುತ್ತೆ." ಆ ಮಾತು ಕೇಳಿ ಆದಷ್ಟು ಸಂತೋಷ ನನಗೆ ಸಮುದ್ರ ನೋಡಿಯೂ ಆಗಿರಲಿಲ್ಲ. ಅವನಿಗೂ ಹೊಟ್ಟೆ ಉರಿಯುತ್ತದೆ, ಅದೂ ನನ್ನನ್ನು ನೋಡಿ. ಈ ಸುದ್ದಿಯನ್ನು ಹೆಂಡತಿಗೆ ಹೇಳಲೇಬೇಕೆಂದು ಮೆಟ್ಟಿಲು ಹತ್ತಿ ಮೇಲಿನ ಡೆಕ್ಕಿಗೆ ಹೋದೆ.

ಅಕ್ಕತಂಗಿಯರು ಎರಡು ಕುರ್ಚಿ ಹತ್ತಿರ ಎಳೆದುಕೊಂಡು ಕೂತಿದ್ದರು. ಅಕ್ಕ ಏನೋ ಹೇಳಿದಳು. ನನ್ನ ಹೆಂಡತಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅಕ್ಕನ ತೊಡೆಯ ಮೇಲೆ ಹೊಡೆದಳು. ಅವಳಿಗೆ ಹಾಗೆ ನಗಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನನ್ನ ಜೊತೆ ಒಂದು ಸಲವೂ ಹಾಗೆ ನಕ್ಕಿಲ್ಲ. ನಾನು ಬಂದದ್ದು ಕಂಡು ಇಬ್ಬರೂ ಸುಮ್ಮನಾದರು, "ತಿಂಡಿ ಆಯ್ತಾ?" ಎಂದು ವಿಚಾರಿಸಿದರು. ಆಯಿತು ಎಂದೆ. ಹೇಳಬೇಕೆಂದು ಬಂದದ್ದನ್ನು ಹೇಳದೆ ಇಳಿದು ಬಂದೆ. ನನ್ನ ಬೆನ್ನು ತಿರುಗಿದ ಮೇಲೆ ಮತ್ತೆ ನಗು ಕೇಳಿಸಿತು. ಷಡ್ಡಕನನ್ನು ಕಂಡು ಅಷ್ಟು ವರ್ಷ ಉರಿದದ್ದು ಏನೂ ಅಲ್ಲ ಎನ್ನಿಸುವಂತೆ ಅವತ್ತು ನನ್ನ ಹೆಂಡತಿಯನ್ನು ಅಷ್ಟು ನಗಿಸಿದ ಆ ಅಕ್ಕನನ್ನು ಕಂಡು ನನಗೆ ಉರಿಯಿತು.

ಕೊನೆಯ ದಿನ ಮಧ್ಯಾಹ್ನ ಹಡಗಿನ ಕೌಂಟರೊಂದರ ಮುಂದೆ ಜನ ಸೇರಿದ್ದರು. ಮುಂದಿನ ವರ್ಷದ ಪ್ರಯಾಣವನ್ನು ಇಳಿಯುವ ಮೊದಲೇ ಅಲ್ಲಿ ಬುಕ್ ಮಾಡಿದರೆ ಇನ್ನೂ ಕಡಿಮೆ ದರವಂತೆ. ನನ್ನ ಹೆಂಡತಿ ಆಧಾರ್ ಕಾರ್ಡನ್ನು ಪರ್ಸಿಗೆ ಹಾಕಿಕೊಳ್ಳುತ್ತಾ ಸಾಲಿನಿಂದ ಈಚೆ ಬಂದಳು. ಕೈಯಲ್ಲಿ ರಸೀದಿ ಇತ್ತು. ಇಸಿದುಕೊಂಡು ನೋಡಿದೆ. ಒಂದು ರೂಮು, ಎರಡು ಹೆಸರು. ಅವಳದು, ಅವಳ ಅಕ್ಕನದು.

"ನನ್ನ ಹೆಸರು?" ಎಂದೆ.

"ಅಷ್ಟೊತ್ತಿಗೆ ನಿಮಗೂ ಅರವತ್ತಾಗಿರುತ್ತಲ್ರೀ. ನಿಮ್ಮದು ನೀವು ಮಾಡಿಸ್ಕೊಳ್ಳಿ."

ಅವಳ ಮಾತಿನಲ್ಲಿ ಕೋಪ ಇರಲಿಲ್ಲ, ಕುಹಕವೂ ಇರಲಿಲ್ಲ. ರಸೀದಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಸಿ, ಅಕ್ಕನಿಗೆ ತೋರಿಸಲು ಹೋದಳು.