ಮೆಟ್ಟು ಬಿಟ್ಟು ಬಾ

ಅಪ್ಪನ ಕಣ್ಣು ಮೊದಲು ಮಂಜಾಗಿ ಆಮೇಲೆ ಪೂರ್ತಿ ಹೋದಾಗ ಹಿರಿಯೂರಿನ ನಮ್ಮ ಮನೆಗೆ ಕರೆತಂದೆ. ಧರ್ಮಪುರದ ಹತ್ತಿರ ಈಗ ನನ್ನ ತಮ್ಮ ನೋಡಿಕೊಳ್ಳುವ ಕುರಿರೊಪ್ಪಕ್ಕೆ ಒಮ್ಮೆ ಹೋಗಿ ಬರಬೇಕೆಂದು ಅವನದು ದಿನಾ ಒಂದೇ ರಾಗ. "ಇವತ್ತು ಬ್ಯಾಡಪ್ಪ, ಕೆಲ್ಸ ಐತೆ" ಅಂತ ನನ್ನದೂ ಒಂದೇ ರಾಗ. ಕೆಲಸವೂ ಇಲ್ಲ, ಮಣ್ಣೂ ಇಲ್ಲ. ಕಣ್ಣು ಕಾಣದವನ ಕೈ ಹಿಡಿದು ಬಸ್ಸು ಹತ್ತಿಸುವ ತಾಪತ್ರಯ ಬೇಡವಾಗಿತ್ತು, ಅಷ್ಟೇ.

ಬುದ್ಧಿವಂತೆಯಲ್ಲವೇ ನಾನು! ಚಿತ್ರದುರ್ಗದಲ್ಲಿ ಕಾಲೇಜಿಗೆ ಹೋಗುವಾಗ ಗೆಳತಿಯರೆಲ್ಲ ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಿದ್ದೆವು. ಚಿತ್ರವಿಲ್ಲ, ಬರೀ ಅಕ್ಷರ. 'ಪೂರ್ವಕ್ಕೆ ಹೋಗು' ಎಂದು ಬರೆದರೆ ಮುಂದಿನ ಜಾಗ ಹೇಗಿದೆಯೆಂದು ನಾಲ್ಕು ಸಾಲು ಬರುತ್ತಿತ್ತು. ಎಲ್ಲೆಲ್ಲೋ ಕುಳಿತವರು ಅದೇ ಜಾಗದಲ್ಲಿ ಸೇರಿ ಹರಟುತ್ತಿದ್ದೆವು. ಅಂಥದೇ ಲೋಕವೊಂದನ್ನು ಅಪ್ಪನಿಗಾಗಿ ಕನ್ನಡದಲ್ಲಿ ಕಟ್ಟಿದೆ. ಅವನು ಬಾಯಲ್ಲಿ ಹೇಳಿದರೆ ಸಾಕು, ಫೋನು ಓದುತ್ತದೆ: ಶೇಂಗಾ ಹೊಲ, ಕಾಲುದಾರಿ, ರೊಪ್ಪದ ಸುತ್ತ ಜಾಲಿಮುಳ್ಳಿನ ಬೇಲಿ.

ಮೊದಲ ದಿನವೇ ರೊಪ್ಪದ ಬಾಗಿಲಲ್ಲಿ ನಿಂತುಬಿಟ್ಟ. "ಲೇ, ಮೆಟ್ಟು ಬಿಡ್ದಲೆ ಒಳಕ್ಕೆ ಹೆಂಗ್ ಹೋಗ್ಲಿ?" ಕುರಿ ಇರುವ ಜಾಗಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವವರು ನಮ್ಮಲ್ಲಿಲ್ಲ. ಕುರಿ ಕಾಯ್ದವನ ಮಗಳು ಅದನ್ನೇ ಮರೆತಿದ್ದೆ! 'ಮೆಟ್ಟು ಬಿಡು' ಎನ್ನದ ಹೊರತು ಯಾರಿಗೂ ಬಾಗಿಲು ತೆರೆಯದ ಹಾಗೆ ಮಾಡಿದೆ.

ಅಪ್ಪ ದಿನಾ ಅಲ್ಲಿಗೆ ಹೋಗತೊಡಗಿದ. ಬಸ್ಸಿನ ಮಾತು ನಿಂತಿತು. ಪೀಡೆ ಕಳೆಯಿತು ಅಂದುಕೊಂಡೆ. ಥೂ ನನ್ನ ಜನ್ಮಕ್ಕೆ, ಹಾಗಂತಲೇ ಅಂದುಕೊಂಡೆ.

ನಿನ್ನೆ ರೊಟ್ಟಿ ತಟ್ಟುತ್ತಿದ್ದೆ. ಪಡಸಾಲೆಯಲ್ಲಿ ಫೋನು ಎಂದಿನಂತೆ ಓದಿತು: "ಇಲ್ಲಿ ನೀವೊಬ್ಬರೇ ಇದ್ದೀರಿ."

ಅಪ್ಪ ಕೂಗಿದ. "ಯವ್ವಾ, ಇದರಾಗೆ ಬ್ಯಾರೇರೂ ಬರಬೋದು ಅಂದಿದ್ದೆ. ಇಲ್ಲಿಗೆ ಬರಾಕೂ ನಿಂಗೆ ಬಸ್ಸು ಹತ್ಬೇಕೇನೆ?"

ಹಿಟ್ಟಿನ ಕೈಯಲ್ಲೇ ನನ್ನ ಫೋನು ಎತ್ತಿ ಆ ಲೋಕಕ್ಕೆ ಹೋದೆ. ಬಾಗಿಲು ನನ್ನನ್ನೂ ತಡೆಯಿತು: ಮೆಟ್ಟು ಬಿಟ್ಟು ಬಾ. ನಾನೇ ಬರೆದ ಸಾಲು. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಇದಕ್ಕೇ. ಫೋನು ಅಲ್ಲೇ ಬಿಟ್ಟು, ಒಲೆ ಆರಿಸಿ, ಅಪ್ಪನ ಚಪ್ಪಲಿ ತಂದು ಅವನ ಕಾಲ ಬಳಿ ಇಟ್ಟೆ.

"ಮೆಟ್ಕಳಪ್ಪ, ಧರ್ಮಪುರಕ್ಕೆ ಹೋಗಾಣ."

ಅವನು ಕಾಲಲ್ಲೇ ಚಪ್ಪಲಿಯನ್ನು ತಡವಿ ನೋಡಿದ. ಮೆಟ್ಟಲಿಲ್ಲ.

"ಇವತ್ತು ಬ್ಯಾಡ ಬಿಡವ್ವಾ. ನಿಂಗೆ ಕೆಲ್ಸ ಇರ್ತೈತೆ."