ಅರ್ಧ ರಿಮೋಟಿನ ಆಟಗಾರ್ತಿ

ಗುಬ್ಬಿ ತನ್ನ ಅತ್ತಿಗೆಯನ್ನು ಮೊದಲ ಸಲ ನೋಡಿದ್ದು ಒಂದು ಶನಿವಾರ ಮಧ್ಯಾಹ್ನ, ಮುಂದಿನ ಕೋಣೆಯ ನೆಲದ ಮೇಲೆ ಕೂತುಕೊಂಡು. ಆಗ ಅವಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಅಣ್ಣ ತಾನು ಮೆಚ್ಚಿದ ಹುಡುಗಿಯನ್ನು ಮನೆಗೆ ಕರೆತರುತ್ತಾನೆಂದು ಅಮ್ಮ ಬೆಳಗಿನಿಂದ ಒರೆಸಿದ ಕುರ್ಚಿಗಳನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಗುಬ್ಬಿಗೆ ಅದರ ಗೊಡವೆಯೇ ಇರಲಿಲ್ಲ. ಟಿವಿಗೆ ಆಟದ ಪೆಟ್ಟಿಗೆ ಸಿಕ್ಕಿಸಿಕೊಂಡು ಇಟ್ಟಿಗೆ ಆಟದಲ್ಲಿ ಮುಳುಗಿದ್ದಳು. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಪಕ್ಕಕ್ಕೆ ತಳ್ಳಿ, ತಿರುಗಿಸಿ, ಸಂದಿಲ್ಲದಂತೆ ಕೂರಿಸಬೇಕು. ಸಾಲು ತುಂಬಿದರೆ ಮಾಯ. ತುಂಬದಿದ್ದರೆ ಗೋಡೆ ಬೆಳೆದು ತುದಿ ಮುಟ್ಟಿ ಆಟ ಮುಗಿಯುತ್ತದೆ.

ಅಣ್ಣನ ಜೊತೆ ಬಂದಾಕೆ ತೆಳ್ಳಗಿದ್ದರು. ಹೊಲಿಗೆ ಅಂಗಡಿಯ ಕೆಲಸ ಮುಗಿಸಿ ನೇರ ಬಂದಿದ್ದರೇನೋ, ತೋಳಿನ ಮೇಲೆ ಬಿಳಿ ದಾರದ ತುಂಡೊಂದು ಅಂಟಿಕೊಂಡಿತ್ತು. ಅಮ್ಮ ಕುರ್ಚಿ ತೋರಿಸಿದರು. ಅವರು ಕುರ್ಚಿಯನ್ನೊಮ್ಮೆ, ಟಿವಿಯನ್ನೊಮ್ಮೆ ನೋಡಿ, ಬಂದು ಗುಬ್ಬಿಯ ಎಡಕ್ಕೆ ನೆಲದ ಮೇಲೆ ಕೂತೇಬಿಟ್ಟರು.

"ಇನ್ನೊಂದು ರಿಮೋಟ್ ಇಲ್ವಾ?"

"ಕೆಟ್ಟೋಗಿದೆ."

"ಹೋಗ್ಲಿ ಬಿಡು. ನೀ ತಿರುಗ್ಸು, ನಾ ತಳ್ತೀನಿ."

ಹಾಗೆಂದವರೇ ರಿಮೋಟಿನ ಎಡ ಅರ್ಧಕ್ಕೆ ಎಡಗೈ ಹಾಕಿದರು. ಇಟ್ಟಿಗೆಯನ್ನು ಪಕ್ಕಕ್ಕೆ ಸರಿಸುವ ಗುಂಡಿಗಳು ಅವರ ಪಾಲಾದವು, ತಿರುಗಿಸುವ ಗುಂಡಿ ಗುಬ್ಬಿಯ ಪಾಲಾಯಿತು. ಗುಬ್ಬಿಗೆ ಸಿಟ್ಟು ಬಂದಿತ್ತು. ಆದರೆ ಆ ಮಧ್ಯಾಹ್ನ ಅವಳು ಒಬ್ಬಳೇ ಎಂದೂ ಮುಟ್ಟದ ಹಂತವನ್ನು ಇಬ್ಬರೂ ಮುಟ್ಟಿದ್ದರಿಂದ ಸಿಟ್ಟನ್ನು ಮುಂದಕ್ಕೆ ಹಾಕಿದಳು. ಅದು ಮತ್ತೆ ಬರಲೇ ಇಲ್ಲ.

ಮದುವೆಯಾದ ಮೇಲೆ ಆಟ ಇನ್ನೂ ಜೋರಾಯಿತು. ಅತ್ತಿಗೆ ಇಟ್ಟಿಗೆಗಳಿಗೆಲ್ಲ ನೆಂಟಸ್ತಿಕೆ ಹಚ್ಚಿದರು. ಬೇಕಾದಾಗ ಪತ್ತೆಯಿಲ್ಲದೆ, ಎಲ್ಲ ಮುಗಿದ ಮೇಲೆ ಬರುವ ಉದ್ದ ಕಡ್ಡಿಗೆ ಭಾವ. ಎತ್ತ ತಿರುಗಿಸಿದರೂ ಹಾಗೇ ಇರುವ ಚೌಕಕ್ಕೆ ಅತ್ತೆ. ಎಲ್ಲಿಟ್ಟರೂ ಒಂದು ಮೂಲೆ ಚುಚ್ಚುವ ಸೊಟ್ಟ ಇಟ್ಟಿಗೆಗೆ ನಾದಿನಿ. ಗುಬ್ಬಿ ಬಿಡುತ್ತಾಳೆಯೇ? ಅದೇ ಸೊಟ್ಟವನ್ನು ಕನ್ನಡಿಯಲ್ಲಿ ನೋಡಿದಂತಿರುವ ಇನ್ನೊಂದಕ್ಕೆ ಅತ್ತಿಗೆ ಎಂದು ಹೆಸರಿಟ್ಟಳು.

"ಅತ್ತೆ ಬಂದ್ರು, ಮೂಲೆಗೆ ತಳ್ಳಿ!" ಎಂದು ಗುಬ್ಬಿ ಒಮ್ಮೆ ಕೂಗಿದ್ದು ಅಡುಗೆಮನೆಗೆ ಕೇಳಿಸಿತು.

"ಯಾರನ್ನೇ ಮೂಲೆಗೆ ತಳ್ಳೋದು?" ಅಮ್ಮ ಸೌಟು ಹಿಡಿದೇ ಬಂದರು.

"ನಿಮ್ಮನ್ನಲ್ಲ ಅತ್ತೆ, ಇದು ಬೇರೆ ಅತ್ತೆ. ಇನ್ನೂ ಗಟ್ಟಿ," ಎಂದರು ಅತ್ತಿಗೆ.

ವರ್ಷಗಳು ಉರುಳಿದವು. ಅತ್ತಿಗೆ ಮನೆಯ ಕೆಳಗಿನ ಕೋಣೆಯಲ್ಲಿ ಸ್ವಂತ ಹೊಲಿಗೆ ಅಂಗಡಿ ಹಾಕಿದರು. ಗುಬ್ಬಿ ಓದು ಮುಗಿಸಿ ಆಸ್ಪತ್ರೆಯ ಎಕ್ಸ್‌ರೇ ವಿಭಾಗ ಸೇರಿದಳು. ಆಟದ ಪೆಟ್ಟಿಗೆ ಕೆಟ್ಟು ಮೂಲೆ ಸೇರಿತು. ಕತ್ತರಿ ಹಿಡಿದು ಹಿಡಿದು ಅತ್ತಿಗೆಯ ಬಲಗೈ ಜೋಮು ಹಿಡಿಯತೊಡಗಿತು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಎಂದು ಡಾಕ್ಟರು ಆಪರೇಷನ್ ಮಾಡಿದರು. ಗಾಯ ಮಾಯಿತು. ಇನ್ನು ಮೆಲ್ಲಗೆ ಕೆಲಸ ಶುರು ಮಾಡಬಹುದೆಂದೂ ಹೇಳಿದರು. ಆದರೆ ಹೆಬ್ಬೆರಳು ಹೇಳಿದ ಮಾತು ಕೇಳುವುದಿಲ್ಲವೆಂದು ಅತ್ತಿಗೆ ಅಂಗಡಿಯ ಬಾಗಿಲನ್ನೇ ತೆಗೆಯಲಿಲ್ಲ. ಹೊಲಿಗೆ ಹಾಳಾದರೆ ಬೈಸಿಕೊಳ್ಳುವವರು ಯಾರು ಎನ್ನುವುದು ಅವರ ಭಯ. ಬಟ್ಟೆ ಹೊದಿಸಿಟ್ಟ ಮಷೀನಿನ ಕಡೆ ನೋಡುತ್ತಲೂ ಇರಲಿಲ್ಲ.

ಅಂಥ ದಿನಗಳಲ್ಲಿ ಹಳೇ ಟಿವಿ ಮಾರುವ ಅಂಗಡಿಯವನು ತನ್ನ ಬಾಗಿಲಿಗೆ ಚೀಟಿ ಅಂಟಿಸಿದ: ಭಾನುವಾರ ಹಳೇ ವಿಡಿಯೋ ಗೇಮ್ ಪಂದ್ಯ, ಯಾರು ಬೇಕಾದರೂ ಬರಬಹುದು. ಗುಬ್ಬಿ ಕೇಳದೆಯೇ ಅತ್ತಿಗೆಯ ಹೆಸರು ಕೊಟ್ಟು ಬಂದಳು. ಮನಸ್ಸು ಹಗುರಾಗಲಿ ಎಂದಷ್ಟೇ ಅವಳ ಆಸೆ.

ಅತ್ತಿಗೆ ಅದನ್ನು ಬೇರೆಯಾಗಿಯೇ ತೆಗೆದುಕೊಂಡರು.

"ಒಳ್ಳೇದೇ ಆಯ್ತು. ಈ ಕೈಯಲ್ಲಿ ಒಂದು ಸುತ್ತು ಗೆದ್ರೆ ಅಂಗಡಿ ತೆಗೀತೀನಿ. ಸೋತ್ರೆ ಮಷೀನು ನಮ್ಮ ಚಿಕ್ಕಮ್ಮನ ಮಗಳಿಗೆ. ಅವಳು ಕೇಳ್ತಾನೇ ಇದಾಳೆ."

"ಆಟಕ್ಕೂ ಮಷೀನಿಗೂ ಏನ್ ಸಂಬಂಧ ಅತ್ತಿಗೆ?"

"ಎರಡಕ್ಕೂ ಬೇಕಾಗಿರೋದು ಇದೇ ಬೆರಳು. ಸುಮ್ನಿರು."

ಗುಬ್ಬಿಗೆ ತಾನೇ ತೋಡಿದ ಗುಂಡಿಗೆ ಬಿದ್ದಂತಾಯಿತು. ಆ ಮಷೀನು ಮನೆಯಿಂದ ಹೊರಟರೆ ಅತ್ತಿಗೆ ಮತ್ತೆ ಮೊದಲಿನಂತಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಭಾನುವಾರ ಅಂಗಡಿಯಲ್ಲಿ ಡಬ್ಬದಂಥ ಎರಡು ಟಿವಿಗಳನ್ನು ಅಕ್ಕಪಕ್ಕ ಇಟ್ಟಿದ್ದರು. ಮುಂದೆ ಎರಡು ಸ್ಟೂಲು, ಹಿಂದೆ ನಿಲ್ಲಲೂ ಜಾಗವಿಲ್ಲದಷ್ಟು ಜನ. ಅತ್ತಿಗೆಗೆ ಎದುರಾಳಿಯಾಗಿ ಬಂದವರು ಆ ಬೀದಿಯ ಪೋಸ್ಟ್‌ಮ್ಯಾನ್.

"ಟೈಲರಮ್ಮಾ, ನನ್ ಪ್ಯಾಂಟ್ ನೀವೇ ಹೊಲಿದಿದ್ದು. ಅದೇ ಹಾಕ್ಕೊಂಡ್ ಬಂದಿದೀನಿ, ಮರ್ಯಾದೆ ಉಳ್ಸಿ," ಎಂದರು ಅವರು.

"ಪ್ಯಾಂಟ್ ಉಳಿಯುತ್ತೆ. ಮರ್ಯಾದೆ ಗ್ಯಾರಂಟಿ ಇಲ್ಲ," ಎಂದು ಅತ್ತಿಗೆ ರಿಮೋಟ್ ಎತ್ತಿಕೊಂಡರು. ಹಿಂದೆ ನಿಂತಿದ್ದ ಗುಬ್ಬಿಯ ಕಡೆ ತಿರುಗಿ, "ದಿನಾ ಎಕ್ಸ್‌ರೇಗೆ ಬಂದೋರಿಗೆಲ್ಲ ಉಸಿರು ಹಿಡ್ಕೊಳ್ಳಿ ಅಂತೀಯ, ಈಗ ನೀನು ಉಸಿರು ಬಿಡೇ," ಎಂದರು.

ಆಟ ಶುರುವಾಯಿತು. ಎಡಗೈ ಏನನ್ನೂ ಮರೆತಿರಲಿಲ್ಲ. ಇಟ್ಟಿಗೆಗಳು ಸರಸರನೆ ಸರಿದು ಜಾಗಕ್ಕೆ ಹೋಗುತ್ತಿದ್ದವು. ತಿರುಗಿಸದೆಯೇ ಕೂರುವಂಥವು ಕೂತವು. ಅಷ್ಟರಲ್ಲಿ ಸೊಟ್ಟ ಇಟ್ಟಿಗೆ ಇಳಿಯಿತು.

"ನಾದಿನಿ ಬಂದ್ಲು! ತಿರುಗ್ಸು!" ಅತ್ತಿಗೆ ಕೂಗಿದರು.

ಇಟ್ಟಿಗೆ ತಿರುಗಲಿಲ್ಲ. ಬಂದ ಹಾಗೇ ಬಿದ್ದು ಎರಡು ಸಾಲಿಗೆ ಅಡ್ಡವಾಯಿತು.

"ತಿರುಗ್ಸೇ ಅಂದ್ರೆ!"

"ಯಾರಿಗಮ್ಮಾ ಹೇಳ್ತಿದೀರಿ, ನನಗಾ?" ಪೋಸ್ಟ್‌ಮ್ಯಾನ್ ಟಿವಿಯಿಂದ ಕಣ್ಣು ಕೀಳದೆ ಕೇಳಿದರು. ಜನ ಗೊಳ್ಳೆಂದು ನಕ್ಕರು.

ಅತ್ತಿಗೆ ಸಾವರಿಸಿಕೊಂಡರು. ಬಲ ಹೆಬ್ಬೆರಳನ್ನು ತಿರುಗಿಸುವ ಗುಂಡಿಯ ಮೇಲೆ ಒತ್ತಿ ಒತ್ತಿ ಹಿಡಿದರು. ಇಟ್ಟಿಗೆ ಒಮ್ಮೆ ತಿರುಗಿತು, ಒಮ್ಮೆ ಇಲ್ಲ, ಒಮ್ಮೆ ಎರಡು ಸುತ್ತು ಸುತ್ತಿತು. ಮುಂದಿನ ಸೊಟ್ಟಕ್ಕೂ ಬಾಯಿ ತಾನಾಗಿ "ತಿರುಗ್ಸು" ಎಂದಿತು. ಹಿಂದೆ ನಿಂತ ಗುಬ್ಬಿಯ ಬಲ ಹೆಬ್ಬೆರಳು ಕೈಚೀಲದ ಹಿಡಿಯನ್ನು ಒತ್ತುತ್ತಲೇ ಇತ್ತು. ಪೋಸ್ಟ್‌ಮ್ಯಾನ್‌ಗಿಂತ ಮೊದಲೇ ಅತ್ತಿಗೆಯ ಗೋಡೆ ತುದಿ ಮುಟ್ಟಿತು. ಅತ್ತಿಗೆ ಸೋತರು.

ಅವರು ಎದ್ದು ಜನರ ನಡುವೆ ದಾರಿ ಮಾಡಿಕೊಂಡು ಹೊರಟರು. ಗುಬ್ಬಿ ಬೀದಿಯಲ್ಲಿ ಓಡಿ ಹಿಡಿದಳು.

"ಚಿಕ್ಕಮ್ಮನ ಮಗಳಿಗೆ ಫೋನ್ ಮಾಡ್ಬೇಕು," ಎಂದರು ಅತ್ತಿಗೆ. "ನಾಳೆನೇ ತಗೊಂಡ್ ಹೋಗ್ಲಿ. ನೋಡಿದ್ಯಲ್ಲ ನನ್ ಬೆರಳಿನ ಗತಿ."

"ಅತ್ತಿಗೆ, ಒಂದ್ ನಿಮಿಷ ನಿಲ್ಲಿ. ನಿಮ್ಮ ಬಲಗೈ ಈ ಆಟ ಯಾವತ್ತು ಆಡಿತ್ತು?"

"ಯಾಕೆ, ನಮ್ಮನೇಲಿ ದಿನಾ..."

"ನಮ್ಮನೇಲಿ ತಿರುಗಿಸ್ತಿದ್ದೋಳು ನಾನು! ಆಪರೇಷನ್‌ಗೆ ಮುಂಚೆ ಆಡಿದ್ರೂ ಹೀಗೇ ಸೋಲ್ತಿದ್ರಿ. ನೀವು ಸೋತಿದ್ದು ಬೆರಳಿಂದಲ್ಲ, ನಾನು ಒತ್ತಲಿಲ್ಲ ಅಂತ."

ಅತ್ತಿಗೆ ತಮ್ಮ ಎಡಗೈ ನೋಡಿಕೊಂಡರು, ಬಲಗೈ ನೋಡಿಕೊಂಡರು. ಮೊದಲು ಭುಜ ಕುಲುಕಿತು, ಆಮೇಲೆ ನಗು ಬಂತು. ಬೀದಿ ಬದಿಯ ಕಟ್ಟೆಯ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಯ್ಯೋ ನಿನ್ನ! ಮೊದಲೇ ಹೇಳಬಾರ್ದಾಗಿತ್ತಾ?"

"ನನಗೂ ಈಗಲೇ ಹೊಳೆದಿದ್ದು."

"ಹಾಗಾದ್ರೆ ಈ ಬೆರಳು ಇನ್ನೂ ಪರೀಕ್ಷೆಗೇ ಕೂತಿಲ್ಲ ಅಂತಾಯ್ತು."

ಮನೆಗೆ ಹೋದವರೇ ಕೆಳಗಿನ ಕೋಣೆಯ ಬಾಗಿಲು ತೆಗೆದರು. ಹೊದಿಕೆ ಸರಿಸಿ, ಒಂದು ಹಳೇ ಬಟ್ಟೆಯ ತುಂಡಿಗೆ ನೇರ ಹೊಲಿಗೆ ಹಾಕಿದರು. ಅದು ನೇರವಾಗಿಯೇ ಬಂತು. ಆಮೇಲೆ ಕೈಯಲ್ಲಿ ಒಂದು ಕಾಜಾ ಹೊಲಿದು, ಆ ಕಿಂಡಿಗೆ ಗುಂಡಿ ತೂರಿಸಿ ನೋಡಿದರು. ಕಾಜಾ ಸೊಟ್ಟಗಿತ್ತು, ಗುಂಡಿ ತೂರಲಿಲ್ಲ. ಅತ್ತಿಗೆ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಕಾಜಾ ಹೋಯ್ತು," ಎಂದರು. "ಮಷೀನ್ ಹೊಲಿಗೆ ಉಳೀತು."

ಚಿಕ್ಕಮ್ಮನ ಮಗಳಿಗೆ ಫೋನ್ ಹೋಗಲಿಲ್ಲ.

ಈಗ ಅತ್ತಿಗೆ ಬೆಳಗಿನ ಹೊತ್ತು ಮಾತ್ರ ಅಂಗಡಿ ತೆಗೆಯುತ್ತಾರೆ. ಪ್ಯಾಂಟಿನ ಅಂಚು ಮಡಿಚುತ್ತಾರೆ, ಜಿಪ್ ಹಾಕುತ್ತಾರೆ, ಬಿಗಿಯಾದದ್ದನ್ನು ಸಡಿಲ ಮಾಡಿಕೊಡುತ್ತಾರೆ. ಕಾಜಾ ಕೆಲಸ ಬಂದರೆ ಎದುರು ರಸ್ತೆಯ ಟೈಲರ್ ಹತ್ತಿರ ಕಳಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬೆರಳು ಸೋಲುತ್ತದೆ. ಆಗ ಬಾಗಿಲು ಹಾಕಿ ಮೇಲೆ ಬಂದು ಊಟ ಮಾಡುತ್ತಾರೆ.